ಉಕ್ಕಿನ ಶೆಡ್ಡಿನ ದರವನ್ನು ಬಿಡಿಸಿ ನೋಡಿದಾಗ

ಬೆಂಗಳೂರಿನ ಹೊರವಲಯದ ಜಿಗಣಿಯ ನಿವೇಶನದಲ್ಲಿ 20 ಮೀಟರ್ ಅಗಲ, 42 ಮೀಟರ್ ಉದ್ದದ ಪಿಇಬಿ ಶೆಡ್, ಅಂದರೆ ಕಾರ್ಖಾನೆಯಲ್ಲೇ ಉಕ್ಕಿನ ಭಾಗಗಳನ್ನು ಸಿದ್ಧಮಾಡಿ ನಿವೇಶನಕ್ಕೆ ತಂದು ಜೋಡಿಸುವ ಶೆಡ್ ಕಟ್ಟಿಸಲು ಹೊರಟಾಗ ಮೂರು ಕೊಟೇಶನ್‌ಗಳು ಕೈಗೆ ಬಂದವು. ಒಬ್ಬರು ಚದರಡಿಗೆ ಇಷ್ಟು ಎಂದಿದ್ದರು, ಇನ್ನೊಬ್ಬರು ಕೆಜಿಗೆ ಇಷ್ಟು ಎಂದಿದ್ದರು. ಮೂರನೆಯವರು ಇಡೀ ಕಟ್ಟಡಕ್ಕೆ ಒಂದೇ ಮೊತ್ತ ಬರೆದು ಸಹಿ ಹಾಕಿ ಕಳಿಸಿದ್ದರು. ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿ ವರ್ಷಗಟ್ಟಲೆ ಲೇತ್ ಓಡಿಸಿದವನಿಗೆ ಕಬ್ಬಿಣದ ತೂಕ ಹಾಕುವುದು ಹೊಸ ವಿದ್ಯೆಯೇನಲ್ಲ. ಮೂರನ್ನೂ ಕಿಲೋಗೆ ಇಳಿಸಿದರೆ ಯಾರು ಏನು ಕೊಡುತ್ತಿದ್ದಾರೆ ಎಂಬುದು ತಾನೇ ಗೊತ್ತಾಗುತ್ತದೆ ಎಂದುಕೊಂಡು ಕಾಗದ ಹಿಡಿದು ಕುಳಿತೆ.

ಒಂದು ಚದರ ಮೀಟರ್ ಉಕ್ಕಿನ ತಗಡು ಒಂದು ಮಿಲಿಮೀಟರ್ ದಪ್ಪವಿದ್ದರೆ ತೂಕ 7.85 ಕೆಜಿ. ಇದೊಂದು ಅಂಕಿ ನೆನಪಿದ್ದರೆ ಸಾಕು. ಛಾವಣಿ ಹೊರುವ ತೊಲೆಗೆ, ಅಂದರೆ ರಾಫ್ಟರಿಗೆ, ಮೇಲೆ ಕೆಳಗೆ 180 ಮಿಮೀ ಅಗಲ, 8 ಮಿಮೀ ದಪ್ಪದ ಎರಡು ಪಟ್ಟಿ (ಫ್ಲ್ಯಾಂಜ್), ನಡುವೆ ಸರಾಸರಿ 450 ಮಿಮೀ ಎತ್ತರ, 5 ಮಿಮೀ ದಪ್ಪದ ನಿಂತ ತಗಡು (ವೆಬ್) ಎಂದು ನಕ್ಷೆಯಲ್ಲಿತ್ತು. ಫ್ಲ್ಯಾಂಜ್‌ಗಳು ಮೀಟರಿಗೆ 22.6 ಕೆಜಿ, ವೆಬ್ 17.7 ಕೆಜಿ, ಒಟ್ಟು 40 ಕೆಜಿಗೆ ಸ್ವಲ್ಪ ಮೇಲೆ. 20 ಮೀಟರ್ ದಾಟುವ ಹೊತ್ತಿಗೆ ಒಂದು ಚೌಕಟ್ಟಿನ ರಾಫ್ಟರ್ ಮಾತ್ರವೇ ಸುಮಾರು 800 ಕೆಜಿ. ಇದರ ಮೇಲೆ ಕಂಬ, ಚೌಕಟ್ಟುಗಳನ್ನು ಬಿಗಿಯುವ ಬ್ರೇಸಿಂಗ್, ಛಾವಣಿಯ ಶೀಟು ಹೊರುವ ಪರ್ಲಿನ್, ಗೋಡೆಯ ಶೀಟು ಹಿಡಿಯುವ ಗರ್ಟ್, ಶೀಟು, ಬೋಲ್ಟು ಕೂಡಿಸುತ್ತ ಹೋದರೆ ಕಟ್ಟಡದ ತೂಕ ಬರುತ್ತದೆ. ನನ್ನ ಮೊದಲ ವಿನ್ಯಾಸದ ತೂಕ 31 ಟನ್ ಆಸುಪಾಸಿನಲ್ಲಿತ್ತು.

ಚದರಡಿ ದರ ಕೊಟ್ಟವರದು ಎಲ್ಲರಿಗಿಂತ ಅಗ್ಗ. ತೂಕ ಹಾಕಿದಾಗ ಕಾರಣ ಸಿಕ್ಕಿತು: ಪರ್ಲಿನ್ 2 ಮಿಮೀ ಬದಲು 1.6 ಮಿಮೀ. ಅಲ್ಲಿಗೇ ಆ ಬಾಬಿನಲ್ಲಿ ಐದನೇ ಒಂದು ಭಾಗ ಉಕ್ಕು ಹೋಯಿತು. ಚದರಡಿ ದರದಲ್ಲಿ ಉಕ್ಕು ಎಷ್ಟು ಕಡಿಮೆಯಾದರೆ ಅಷ್ಟು ಅವರಿಗೆ ಲಾಭ. ಕೆಜಿ ದರದಲ್ಲಿ ಇದರ ತಿರುವು ಮುರುವು, ಭಾರ ಹೆಚ್ಚಿದಷ್ಟೂ ಬಿಲ್ಲು ಹೆಚ್ಚುತ್ತದೆ. ಯಾರನ್ನೂ ಕಳ್ಳರೆನ್ನಬೇಕಿಲ್ಲ, ದರ ಕೇಳುವ ರೀತಿಯೇ ಹಾಗೆ ನಡೆಸುತ್ತದೆ. ಕೆಜಿ ದರ ಒಪ್ಪಿ, ಒಟ್ಟು ತೂಕಕ್ಕೆ ಒಂದು ಮೇಲ್ಮಿತಿ ಹಾಕಿಸುವುದು ನನಗೆ ಸರಿ ಕಂಡ ದಾರಿ.

ಆದರೆ ತೂಕವನ್ನು ಹೋಲಿಸುವ ಮೊದಲು ಆ ಉಕ್ಕು ಯಾವ ಭಾರ ಹೊರಬೇಕೆಂದು ಬರೆದಿದ್ದಾರೆ ಎಂಬುದನ್ನು ನೋಡಬೇಕು. ಒಂದು ಕೊಟೇಶನ್‌ನಲ್ಲಿ ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆ ಐಎಸ್ 800 ಎಂದಿತ್ತು, ಇನ್ನೊಂದರಲ್ಲಿ ಅಮೆರಿಕದ ಸಂಹಿತೆ. ಜನ ಹತ್ತಿ ಓಡಾಡದ ತಗಡಿನ ಛಾವಣಿಗೆ, ಭಾರಗಳನ್ನು ಹೇಳುವ ನಮ್ಮ ಸಂಹಿತೆ ಐಎಸ್ 875 ಪ್ರತಿ ಚದರ ಮೀಟರಿಗೆ 0.75 ಕಿಲೋನ್ಯೂಟನ್, ಅಂದರೆ ಸುಮಾರು 75 ಕೆಜಿ ಭಾರ ಹಿಡಿಯುತ್ತದೆ. ಅಮೆರಿಕದ ಪದ್ಧತಿಯಲ್ಲಿ ಸಾಮಾನ್ಯವಾಗಿ 0.57 ಹಿಡಿಯುತ್ತಾರೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ‘ಇವರು ಅಗ್ಗ’ ಎನ್ನುವುದರಲ್ಲಿ ಅರ್ಥವಿಲ್ಲ. ಮುಂದೆ ಛಾವಣಿಯ ಮೇಲೆ ಸೌರಫಲಕ ಹಾಕುವ ಯೋಚನೆ ನನಗಿದ್ದುದರಿಂದ ಚದರ ಮೀಟರಿಗೆ ಇನ್ನೊಂದು 15 ಕೆಜಿ ಸೇರಿಸಿ ಎಂದು ಮೂವರಿಗೂ ಒಂದೇ ಪತ್ರ ಬರೆದೆ. ಆ ಪತ್ರದ ನಂತರವೇ ಕೊಟೇಶನ್‌ಗಳು ಒಂದೇ ಭಾಷೆ ಆಡತೊಡಗಿದವು.

ಚೆನ್ನೈನ ಅಂಬತ್ತೂರಿನಲ್ಲಿ ಶೆಡ್ ಕಟ್ಟಿಸಿದ್ದ ನಮ್ಮ ಭಾವನವರು ತಮ್ಮ ದರ ಹೇಳಿ, “ನೋಡಪ್ಪ, ಬೆಂಗಳೂರಿನವರು ಅದಕ್ಕಿಂತ ಕಡಿಮೆಗೆ ಮಾಡುತ್ತೇವೆ ಅಂದರೆ ನಂಬಬೇಡ” ಎಂದಿದ್ದರು. ನಂಬಬಹುದು. ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಚೆನ್ನೈಗೆ 50. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅಲ್ಲಿಯ ಗೋಡೆ ಎರಡು ಪಟ್ಟಿಗೂ ಹೆಚ್ಚು ಗಾಳಿ ತಡೆಯಬೇಕು. ಅವರ ಶೆಡ್ಡಿನ ಕಿಲೋ ಲೆಕ್ಕ ನಮಗೆ ಒಗ್ಗುವುದಿಲ್ಲ.

ಕೊಟೇಶನ್‌ನ ಹೊರಗೆ ಅಡಗಿ ಕೂತ ದೊಡ್ಡ ಖರ್ಚು ಪಾಯದ್ದು. ಉಕ್ಕಿನವರ ಕೆಲಸ ಕಂಬದ ಬುಡದ ತಗಡಿನಿಂದ, ಅಂದರೆ ಬೇಸ್ ಪ್ಲೇಟಿನಿಂದ, ಮೇಲಕ್ಕೆ. ಅದರ ಕೆಳಗಿನದೆಲ್ಲ ಮಾಲೀಕರದು. ಅತಿ ಹಗುರ ವಿನ್ಯಾಸ ಕೊಟ್ಟವರ ನಕ್ಷೆಯಲ್ಲಿ ಕಂಬದ ಬುಡ ಫಿಕ್ಸೆಡ್ (ಅಲುಗದಂತೆ ಬಿಗಿದದ್ದು) ಎಂದಿತ್ತು, ಉಳಿದವರದು ಪಿನ್ಡ್ (ತುಸು ತಿರುಗಲು ಬಿಟ್ಟದ್ದು). ಬುಡವನ್ನು ಬಿಗಿಹಿಡಿದರೆ ಮೇಲಿನ ಚೌಕಟ್ಟು ತೆಳ್ಳಗಾಗುತ್ತದೆ, ನಿಜ. ಆದರೆ ಕಂಬವನ್ನು ಬಾಗಿಸುವ ಬಲ ಎಲ್ಲಿಗೂ ಹೋಗುವುದಿಲ್ಲ, ಪಾಯಕ್ಕಿಳಿಯುತ್ತದೆ. ಆ್ಯಂಕರ್ ಬೋಲ್ಟ್ ದಪ್ಪವಾಗುತ್ತದೆ, ಬೇಸ್ ಪ್ಲೇಟ್ ದೊಡ್ಡದಾಗುತ್ತದೆ, ಕಾಂಕ್ರೀಟು ಹಿಗ್ಗುತ್ತದೆ. “ಸಾರ್, ಪಾಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲವಲ್ಲ” ಎಂದು ಅವರ ಎಂಜಿನಿಯರ್ ನಗುತ್ತಲೇ ಹೇಳಿದರು. ನನ್ನ ವ್ಯಾಪ್ತಿಗೆ ಬರುತ್ತದಲ್ಲ! ಎರಡೂ ಬಗೆಯ ಬುಡಕ್ಕೆ ಎಷ್ಟೆಷ್ಟು ಬಲ ಬರುತ್ತದೆ ಎಂಬ ಪಟ್ಟಿಯನ್ನು ತರಿಸಿ ಸಿವಿಲ್ ಗುತ್ತಿಗೆದಾರರ ಮುಂದಿಟ್ಟೆ. ಉಕ್ಕಿನಲ್ಲಿ ಉಳಿಯುತ್ತಿದ್ದುದಕ್ಕಿಂತ ಪಾಯದಲ್ಲಿ ಹೋಗುತ್ತಿದ್ದುದು ಹೆಚ್ಚು. ಪಿನ್ಡ್ ಬುಡವೇ ಇರಲಿ ಎಂದೆ. ನಿವೇಶನದ ಒಂದು ಮೂಲೆಯಲ್ಲಿ ಬಂಡೆ ಮೇಲಕ್ಕೇ ಸಿಕ್ಕಿತು. ಜಿಗಣಿಯಲ್ಲಿ ಅದು ಯಾರಿಗೂ ಅಚ್ಚರಿಯಲ್ಲ. ಅಲ್ಲಿ ಪಾಯದ ಆಳ ಕಡಿಮೆಯಾಯಿತು, ಅಗೆಯುವ ಕೂಲಿ ಹೆಚ್ಚಾಯಿತು.

ಶೀಟಿನ ವಿಷಯಕ್ಕೆ ಬಂದರೆ, ಎಲ್ಲರೂ 0.5 ಮಿಮೀ ಎಂದೇ ಬರೆಯುತ್ತಾರೆ. ಆ 0.5 ಬಣ್ಣ, ಲೇಪ ಎಲ್ಲ ಸೇರಿದ ದಪ್ಪವೋ, ಬರೀ ಉಕ್ಕಿನದೋ ಎಂದು ಕೇಳುವವರು ಕಡಿಮೆ. ಮಾದರಿ ತುಂಡನ್ನು ಕಾರ್ಖಾನೆಗೆ ತಂದು ಮೈಕ್ರೊಮೀಟರ್‌ನಲ್ಲಿ ಹಿಡಿದೆ, 0.50 ತೋರಿಸಿತು. ಮೂಲೆಯಲ್ಲಿ ಪೇಂಟ್ ರಿಮೂವರ್ ಹಚ್ಚಿ ಬಣ್ಣ ಕೆರೆದು ಮತ್ತೆ ಹಿಡಿದಾಗ 0.47. ಲೇಪದ ಗುರುತು ಎಝಡ್ 150 ಎಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಅಲ್ಯೂಮಿನಿಯಂ-ಸತುವಿನ ಲೇಪ. ಅದರ ದಪ್ಪ ಸುಮಾರು 0.04 ಮಿಮೀ. ಕಳೆದರೆ ಉಕ್ಕು ಉಳಿಯುವುದು 0.43. ಮೋಸವಲ್ಲ, ಹಾಳೆಯಲ್ಲಿ ‘ಟಿಸಿಟಿ’, ಅಂದರೆ ಲೇಪವೆಲ್ಲ ಸೇರಿದ ಒಟ್ಟು ದಪ್ಪ, ಎಂದು ಬರೆದೇ ಇತ್ತು. ಆದರೆ ಇನ್ನೊಬ್ಬರು ಕೊಡಲಿದ್ದುದು ಬರೀ ಉಕ್ಕೇ 0.5 ಇದ್ದ ಶೀಟು, ಹಾಗಾಗಿ ಅವರ ದರ ಮೇಲಿತ್ತು. ಲೇಪವನ್ನು 150ರಿಂದ 70ಕ್ಕೆ ಇಳಿಸಿ ಬೆಲೆ ತಗ್ಗಿಸುವವರೂ ಇದ್ದಾರೆ. ಇದನ್ನಂತೂ ಒಪ್ಪಬಾರದು, ಮೊದಲು ತುಕ್ಕು ತಿನ್ನುವುದು ಛಾವಣಿಯನ್ನೇ.

ಚೌಕಾಸಿಯಲ್ಲಿ ಉಳಿದುದಕ್ಕಿಂತ ನನ್ನ ಬೇಡಿಕೆಯನ್ನೇ ತಿದ್ದಿದಾಗ ಉಳಿದದ್ದು ಬಹಳ. ಸೂರಿನ ಎತ್ತರ 8 ಮೀಟರ್ ಕೇಳಿದ್ದೆ. 5 ಟನ್ ಕ್ರೇನಿನ ಕೊಕ್ಕೆಗೆ ನಿಜವಾಗಿ ಬೇಕಾದುದನ್ನು ಯಂತ್ರದ ಮೇಲೆ ನಿಂತು ಅಳೆದಾಗ ಆರೂವರೆ ಸಾಕಾಯಿತು. ಕ್ರೇನ್ ಶೆಡ್ಡಿನ ಉದ್ದಕ್ಕೂ ಓಡಬೇಕಿರಲಿಲ್ಲ. ಮಾಲು ಇಳಿಯುವ ಅರ್ಧಕ್ಕೆ ಮಾತ್ರ ಕ್ರೇನ್ ಓಡುವ ತೊಲೆ (ಗ್ಯಾಂಟ್ರಿ) ಹಾಕಿಸಿದ್ದರಿಂದ ಉಳಿದ ಕಂಬಗಳು ಬಡವಾದವು. ತೂಕ 31 ಟನ್‌ನಿಂದ 27ರ ಹತ್ತಿರಕ್ಕೆ ಇಳಿಯಿತು. ಮಧ್ಯೆ ಒಂದು ಸಾಲು ಕಂಬ ನಿಲ್ಲಿಸಿದ್ದರೆ ಇನ್ನೂ ಇಳಿಯುತ್ತಿತ್ತು. ಆದರೆ ಉದ್ದದ ಶಾಫ್ಟ್ ತಿರುಗಿಸುವ ಜಾಗದಲ್ಲಿ ಕಂಬ ಬೇಡವೆಂದು ಆ ಉಳಿತಾಯವನ್ನು ಬಿಟ್ಟುಕೊಟ್ಟೆ.

ಉಕ್ಕಿನ ಪೇಟೆಯ ಬೆಲೆ ನಮ್ಮ ಕೈಯಲ್ಲಿಲ್ಲ. ತೋರಣಗಲ್ಲಿನ ಕಾರ್ಖಾನೆ ಹತ್ತಿರವೇ ಇದೆ ಎಂದ ಮಾತ್ರಕ್ಕೆ ಅಗ್ಗವಾಗುವುದಿಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳ ರಫ್ತಿಗೆ ಶೇ 15ರ ಸುಂಕ ಹಾಕಿತು, ನವೆಂಬರಿನಲ್ಲಿ ತೆಗೆಯಿತು. 2025ರ ಏಪ್ರಿಲ್‌ನಲ್ಲಿ ಆಮದು ಚಪ್ಪಟೆ ಉಕ್ಕಿನ ಮೇಲೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕ ಬಂತು. ಕೊಟೇಶನ್‌ನ ಅಡಿಯಲ್ಲಿ ‘ದರ 7 ದಿನ ಮಾತ್ರ’ ಎಂದು ಬರೆಯುವುದು ಇಂಥ ಏರಿಳಿತದ ಭಯಕ್ಕೆ. ಮುಂಗಡ ಕೊಟ್ಟ ದಿನವೇ ದರ ನಿಗದಿ ಎಂದು ಆದೇಶಪತ್ರದಲ್ಲಿ ಬರೆಸಿಕೊಂಡೆ.

ಜಿಎಸ್‌ಟಿ ಶೇ 18. ಬೇರೆ ಖರೀದಿಯಂತೆ ಇದನ್ನೂ ಹಿಂಪಡೆಯಬಹುದೆಂದು ಲೆಕ್ಕ ಹಾಕುವ ಕಾರ್ಖಾನೆಯವರನ್ನು ಕಂಡಿದ್ದೇನೆ. ಕಾಯ್ದೆಯ 17(5)ನೇ ಸೆಕ್ಷನ್ ಪ್ರಕಾರ ಸ್ವಂತಕ್ಕೆ ಕಟ್ಟುವ ಕಟ್ಟಡಕ್ಕೆ ಆ ಸೌಲಭ್ಯವಿಲ್ಲ. ಕ್ರೇನ್ ಯಂತ್ರಕ್ಕೆ ಇದೆ, ಶೆಡ್ಡಿಗಿಲ್ಲ. ಹಾಗಾಗಿ ತೆರಿಗೆಯನ್ನೂ ಕಟ್ಟಡದ ಬೆಲೆ ಎಂದೇ ತಿಳಿಯಬೇಕು, ಕ್ರೇನಿಗೆ ಬೇರೆ ಬಿಲ್ಲು ಮಾಡಿಸಬೇಕು.

ಸಾಗಣೆ ಮತ್ತು ಜೋಡಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಲಾರಿಗೆ ಹಿಡಿಸಲೆಂದು ತುಂಡುಗಳನ್ನು 12 ಮೀಟರ್ ಒಳಗೇ ಮಾಡುತ್ತಾರೆ. ಹೈಡ್ರಾ (ಓಡಾಡುವ ಕ್ರೇನ್) ಬಾಡಿಗೆ, ಇಳಿಸುವ ಕೂಲಿ, ಕೆಲಸಗಾರರ ವಸತಿ, ವಿದ್ಯುತ್ ಯಾರ ತಲೆಗೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಜಗಳವಿಲ್ಲ. ಗಟರ್, ಮಳೆನೀರಿನ ಪೈಪು, ಟರ್ಬೊ ವೆಂಟಿಲೇಟರ್, ಶಟರಿನ ಚೌಕಟ್ಟು ಇವು ‘ಹೆಚ್ಚುವರಿ’ ಪಟ್ಟಿಗೆ ಜಾರುವ ಬಾಬುಗಳು.

ಮಾಲು ಬಂದಾಗ ಪ್ರತಿ ಲಾರಿಯನ್ನೂ ನಮ್ಮ ಕಡೆಯ ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಂಡೆ. ನಕ್ಷೆಯ ತೂಕ, ತೂಗಿದ ತೂಕ ಇವೆರಡರಲ್ಲಿ ಕಡಿಮೆ ಇದ್ದುದಕ್ಕೆ ಹಣ ಎಂದು ಒಪ್ಪಂದವಿತ್ತು. ಶೇ 5ರಷ್ಟನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟೆ. ಗಟರಿನ ಪಕ್ಕದ ಕೆಲವು ಸ್ಕ್ರೂಗಳ ವಾಷರ್ ಸರಿಯಾಗಿ ಕೂರದೆ ನೀರು ತೊಟ್ಟಿಕ್ಕಿತು. ಫೋನ್ ಮಾಡಿದ ವಾರದಲ್ಲೇ ಹುಡುಗರು ಬಂದು ಬದಲಿಸಿದರು, ಉಳಿದ ಹಣವನ್ನು ದೀಪಾವಳಿಗೆ ಮೊದಲೇ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆ.