ರಿಕ್ವೆಸ್ಟ್ ಮುಗಿದರೂ ಮುಗಿಯದ ಸೆಷನ್: ನನ್ನ ಅನುಭವ

ಮೊದಲ ಸಲ ವೆಬ್ ಸರ್ವಿಸ್ ಬರೆದಾಗ ಫೈಲಿನ ಮೇಲ್ಗಡೆ ಎಸ್‌ಕ್ಯುಎಲ್‌ಆಲ್ಕೆಮಿಯ (ಪೈಥಾನಿನಿಂದ ಡೇಟಾಬೇಸ್ ಬಳಸುವ ಲೈಬ್ರರಿ) ಒಂದೇ ಒಂದು ಸೆಷನ್, ಅಂದರೆ ಬದಲಾವಣೆಗಳನ್ನು ಒಟ್ಟುಮಾಡಿ ಡೇಟಾಬೇಸಿಗೆ ಕಳಿಸುವ ಆಬ್ಜೆಕ್ಟ್, ಮಾಡಿಟ್ಟು, ಎಲ್ಲ ಫಂಕ್ಷನ್‌ಗಳೂ ಅದನ್ನೇ ಬಳಸಲಿ ಎಂದು ಬಿಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಓಡದೆ ಏನು, ಬಳಸುತ್ತಿದ್ದವನು ನಾನೊಬ್ಬನೇ ಅಲ್ವಾ!

ನಾಲ್ಕು ಜನ ಬಂದ ಮೇಲೆ ಬಣ್ಣ ಬಯಲಾಯಿತು. ಒಬ್ಬರು ತಮ್ಮ ಇಮೇಲ್ ಬದಲಿಸಲು ಹೋದರು. ಕೋಡ್ ಹೊಸ ಇಮೇಲನ್ನು ಆಬ್ಜೆಕ್ಟಿಗೆ ಹಾಕಿ, ಆಮೇಲೆ ತಪಾಸಣೆ ಮಾಡಿ, "ಸರಿಯಿಲ್ಲ" ಎಂದು ಎರರ್ ತೋರಿಸಿತು. ಆದರೆ ರೋಲ್‌ಬ್ಯಾಕ್ ಮಾಡಲಿಲ್ಲ, ಅಂದರೆ ಆ ಬದಲಾವಣೆಯನ್ನು ವಾಪಸ್ ತೆಗೆಯಲಿಲ್ಲ. ಅಷ್ಟರಲ್ಲಿ ಇನ್ಯಾರೋ ಬೇರೇನೋ ಸೇವ್ ಮಾಡಿದರು, ಅವರ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ಜೊತೆಗೆ ಇವರ ತಪ್ಪು ಇಮೇಲ್ ಕೂಡ ಡೇಟಾಬೇಸಿಗೆ ಹೋಗಿ ಕೂತಿತು.

ಸರಿ, ಥ್ರೆಡ್‌ಗೊಂದು, ಅಂದರೆ ಒಟ್ಟೊಟ್ಟಿಗೆ ಓಡುವ ಪ್ರತಿ ಕೆಲಸದ ಎಳೆಗೊಂದು, ಸೆಷನ್ ಕೊಡುವ ಸ್ಕೋಪ್ಡ್ ಸೆಷನ್‌ಗೆ ಬದಲಾಯಿಸಿದೆ. ಬರೆಯುವ ಪುಟಗಳಲ್ಲಿ ಮಾತ್ರ ಕೆಲಸ ಮುಗಿದ ಮೇಲೆ ಅದನ್ನು ರಿಮೂವ್ ಮಾಡಿ ಕನೆಕ್ಷನ್ ವಾಪಸ್ ಕೊಡುತ್ತಿದ್ದೆ. ಸುಮ್ನೆ ಪಟ್ಟಿ ತೋರಿಸುವ ಪುಟಕ್ಕೆ ಯಾಕೆ ಬೇಕು ಎಂಬುದು ನನ್ನ ಲೆಕ್ಕಾಚಾರ. ಬರೀ ಸೆಲೆಕ್ಟ್ (ಓದುವ ಕ್ವೆರಿ) ಮಾಡಿದರೂ ಟ್ರಾನ್ಸಾಕ್ಷನ್ (ಕಮಿಟ್ ಇಲ್ಲವೇ ರೋಲ್‌ಬ್ಯಾಕ್ ಆಗುವವರೆಗಿನ ಡೇಟಾಬೇಸ್ ವಹಿವಾಟು) ಶುರುವಾಗುತ್ತದೆ, ಕನೆಕ್ಷನ್ ಸೆಷನ್ನಿನ ಕೈಯಲ್ಲೇ ಉಳಿಯುತ್ತದೆ ಎಂದು ಆಗ ಗೊತ್ತಿರಲಿಲ್ಲ. ನನ್ನ ಒಂದೊಂದು ಪ್ರಾಸೆಸ್‌ನಲ್ಲೂ 40 ಥ್ರೆಡ್. ಕನೆಕ್ಷನ್‌ಗಳನ್ನು ಕೂಡಿಟ್ಟು ಹಂಚುವ ಪೂಲಿನ ಡೀಫಾಲ್ಟ್ 5, ಮೇಲೆ ಓವರ್‌ಫ್ಲೋ (ಸಾಲದಾಗ ಹೆಚ್ಚುವರಿ) 10. ಹದಿನಾರನೇ ಥ್ರೆಡ್ 30 ಸೆಕೆಂಡ್ ಕಾದು ಟೈಮ್‌ಔಟ್ ಎರರ್ ಕೊಡುತ್ತಿತ್ತು. ತಲೆ ಕೆಡಿಸಿದ್ದು ಏನೆಂದರೆ, ರಿಫ್ರೆಶ್ ಮಾಡಿದರೆ ಒಮ್ಮೊಮ್ಮೆ ಪುಟ ಥಟ್ಟನೆ ಬರುತ್ತಿತ್ತು, ಯಾಕೆಂದರೆ ಆ ರಿಕ್ವೆಸ್ಟ್ ಆಗಲೇ ಕನೆಕ್ಷನ್ ಹಿಡಿದು ಕೂತಿದ್ದ ಥ್ರೆಡ್ಡಿಗೆ ಬಿದ್ದಿರುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಪೂಲ್ 50ಕ್ಕೆ ಏರಿಸಿದೆ. ಪೂಲ್ ಪ್ರಾಸೆಸ್‌ಗೊಂದು, ಪ್ರಾಸೆಸ್ ನಾಲ್ಕು, ನನ್ನ ಡೇಟಾಬೇಸ್ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಒಳಗೆ ಬಿಡುವುದು 100 ಕನೆಕ್ಷನ್. ಈಗ ಡೇಟಾಬೇಸೇ ಬಾಗಿಲು ಹಾಕಿಕೊಂಡಿತು.

ಕೊನೆಗೆ ಪೂಲನ್ನು ಮೊದಲಿನಷ್ಟಕ್ಕೇ ಇಳಿಸಿ, ರಿಮೂವ್ ಕರೆಯನ್ನು ಫ್ಲಾಸ್ಕಿನ (ನಾನು ಬಳಸುವ ವೆಬ್ ಫ್ರೇಮ್‌ವರ್ಕ್) ಟಿಯರ್‌ಡೌನ್‌ಗೆ, ಅಂದರೆ ಪ್ರತಿ ರಿಕ್ವೆಸ್ಟಿನ ಕೊನೆಗೆ ಓಡುವ ಫಂಕ್ಷನ್ನಿಗೆ, ಹಾಕಿದೆ. ಪುಟ ಗೆದ್ದರೂ ಸೋತರೂ ಅದು ಓಡುತ್ತದೆ. ಬೇರೆ ಯಾವ ಫಂಕ್ಷನ್ನೂ ಸೆಷನ್ ತೆರೆಯುವಂತಿಲ್ಲ, ಮುಚ್ಚುವಂತಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ಪೋಸ್ಟ್‌ಗ್ರೆಸ್‌ನ ಕನೆಕ್ಷನ್‌ಗಳ ಸ್ಥಿತಿ ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ನೋಡಿದರೆ ಕೆಲವು ಕನೆಕ್ಷನ್‌ಗಳ ಎದುರು 'ಐಡಲ್ ಇನ್ ಟ್ರಾನ್ಸಾಕ್ಷನ್' ಎಂದಿತ್ತು, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತಿದ್ದವು. ಟೇಬಲಿನ ಒಂದು ಸಾಲನ್ನು ಅಪ್‌ಡೇಟ್ ಮಾಡಿ, ಕಮಿಟ್‌ಗೆ ಮುಂಚೆಯೇ ಮೇಲ್ ಕಳಿಸುತ್ತಿದ್ದೆ. ಮೇಲ್ ಸರ್ವರ್ ನಿಧಾನವಾದರೆ ಆ ಸಾಲಿನ ಲಾಕ್ ಅಷ್ಟೂ ಹೊತ್ತು ಇರುತ್ತಿತ್ತು, ಅದೇ ಸಾಲು ಬೇಕಾದವರೆಲ್ಲ ಹಿಂದೆ ಕ್ಯೂ. ಕಮಿಟ್ ಮೊದಲು, ಮೇಲ್ ಆಮೇಲೆ ಎಂದು ತಿರುಗಿಸಿದೆ. ಲಾಕ್ ಹೋಯಿತು, ಐಡಲ್ ಹೋಗಲಿಲ್ಲ! ಇದಕ್ಕೆ ಅರ್ಧ ದಿನ ಹಿಡಿಯಿತು. ಕಮಿಟ್ ಆದೊಡನೆ ಎಸ್‌ಕ್ಯುಎಲ್‌ಆಲ್ಕೆಮಿ ಆಬ್ಜೆಕ್ಟಿನಲ್ಲಿದ್ದದ್ದೆಲ್ಲ ಹಳತಾಯಿತು ಎಂದು ಗುರುತು ಹಾಕುತ್ತದೆ. ಮೇಲ್ ಕಳಿಸಲು ನಾನು ಅದೇ ಆಬ್ಜೆಕ್ಟಿನಿಂದ ಇಮೇಲ್ ಓದುತ್ತಿದ್ದೆ, ಅದು ಮತ್ತೆ ಡೇಟಾಬೇಸಿಗೆ ಓಡಿ ಹೊಸ ಟ್ರಾನ್ಸಾಕ್ಷನ್ ತೆರೆಯುತ್ತಿತ್ತು. ಈಗ ಇಮೇಲನ್ನು ಕಮಿಟ್‌ಗೆ ಮುಂಚೆಯೇ ಬೇರೆ ವೇರಿಯಬಲ್‌ಗೆ ತೆಗೆದಿಟ್ಟುಕೊಳ್ಳುತ್ತೇನೆ. ಸೆಷನ್ ಹುಟ್ಟುವಾಗಲೇ 'ಎಕ್ಸ್‌ಪೈರ್ ಆನ್ ಕಮಿಟ್' ಆಫ್ ಮಾಡಬಹುದು, ಆದರೆ ಆಮೇಲೆ ಹಳೇ ಡೇಟಾ ನಂಬಿ ಕೂರುವುದು ನನಗೆ ಇಷ್ಟವಿಲ್ಲ. ಜೊತೆಗೆ ಪೋಸ್ಟ್‌ಗ್ರೆಸ್ 9.6ರಿಂದ ಇರುವ ಐಡಲ್ ಟ್ರಾನ್ಸಾಕ್ಷನ್ ಟೈಮ್‌ಔಟನ್ನು 60 ಸೆಕೆಂಡಿಗೆ ಇಟ್ಟೆ. ಡೀಫಾಲ್ಟಾಗಿ ಅದು ಆಫ್ ಇರುತ್ತದೆ.

ಈಗ ಟೆಸ್ಟ್‌ಗಳಲ್ಲಿ ಪ್ರತಿ ರಿಕ್ವೆಸ್ಟ್ ಆದ ಮೇಲೂ ಪೂಲಿನ ಹೊರಗಿರುವ ಕನೆಕ್ಷನ್ ಸೊನ್ನೆಯೇ ಎಂದು ನೋಡುತ್ತೇನೆ, ಬ್ಯಾಕ್‌ಗ್ರೌಂಡ್ ಕೆಲಸಗಳಿಗೂ ಅದೇ ಪರೀಕ್ಷೆ. ಹಾಕಿದ ದಿನವೇ ಎರಡು ಬ್ಯಾಕ್‌ಗ್ರೌಂಡ್ ಕೆಲಸ ಸಿಕ್ಕಿಬಿದ್ದವು, ಟಿಯರ್‌ಡೌನ್ ಅಲ್ಲಿಗೆ ತಲುಪುವುದೇ ಇಲ್ಲವಲ್ಲ. ಎರಡನ್ನೂ ಬರೆದವನು ನಾನೇ.