ಕಾವೇರಿಯ ನಡುಗಡ್ಡೆಗಳಲ್ಲಿ ಒಂದು ಹಗಲು: ದುಬಾರೆಯಿಂದ ಕಣಿವೆಯವರೆಗೆ

ಕೊಡಗಿಗೆ ಕಡಲ ತೀರವಿಲ್ಲ. ಆದರೆ ತಲಕಾವೇರಿಯಿಂದ ಇಳಿದು ಭಾಗಮಂಡಲ, ನಾಪೋಕ್ಲು, ಸಿದ್ದಾಪುರಗಳ ಕಡೆಯಿಂದ ಹರಿದುಬರುವ ಕಾವೇರಿಯು ಕುಶಾಲನಗರದ ಆಸುಪಾಸಿನಲ್ಲಿ ಅಗಲವಾಗಿ ಹರಡಿಕೊಂಡು, ಬಂಡೆಗಳ ನಡುವೆ ಕವಲೊಡೆದು, ಅಲ್ಲಲ್ಲಿ ನಡುಗಡ್ಡೆಗಳನ್ನು ಬಿಟ್ಟು ಸಾಗುತ್ತದೆ. ದುಬಾರೆ, ಕಾವೇರಿ ನಿಸರ್ಗಧಾಮ ಮತ್ತು ಕಣಿವೆ ಎಂಬ ಮೂರು ಸ್ಥಳಗಳನ್ನು ಮಡಿಕೇರಿಯಿಂದ ಹೊರಟು ಒಂದೇ ಹಗಲಿನಲ್ಲಿ ನೋಡಿ ಬರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಪ್ರವಾಸಕ್ಕೆ ರಸ್ತೆಯ ನಕ್ಷೆಗಿಂತ ಮೊದಲು ಬೇಕಾದದ್ದು ಹೊಳೆಯ ನೀರಿನ ಅಂದಾಜು. ಅದಿಲ್ಲದೆ ಹೊರಟವರು ದೋಣಿ ನಿಂತಿರುವ ಕಡವಿನಿಂದಲೋ, ಬೀಗ ಹಾಕಿದ ಗೇಟಿನಿಂದಲೋ ಹಿಂದಿರುಗಬೇಕಾಗುತ್ತದೆ.

ಮೂರೂ ಸ್ಥಳಗಳು ಒಂದೇ ಹೊಳೆಯ ಮೇಲಿದ್ದರೂ ಅವುಗಳ ನೀರಿನ ಲೆಕ್ಕ ಒಂದೇ ಅಲ್ಲ. ದುಬಾರೆಗೂ ನಿಸರ್ಗಧಾಮಕ್ಕೂ ಬರುವ ನೀರು ಮುಖ್ಯವಾಗಿ ತಲಕಾವೇರಿ, ಭಾಗಮಂಡಲ, ನಾಪೋಕ್ಲು ಭಾಗದ ಮಳೆಯನ್ನೇ ಅವಲಂಬಿಸಿರುವುದರಿಂದ, ಕುಶಾಲನಗರದಲ್ಲಿ ಒಳ್ಳೆಯ ಬಿಸಿಲಿರುವ ದಿನವೂ ಮೇಲ್ಭಾಗದ ಮಳೆಯಿಂದಾಗಿ ಇಲ್ಲಿ ನೀರು ಏರುವುದುಂಟು. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿದೆ ಎಂಬ ಸುದ್ದಿ ಬಂದ ದಿನ ದುಬಾರೆಯ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಕಣಿವೆಯ ಮಾತು ಬೇರೆ. ಹಾರಂಗಿ ನದಿಯು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ ಮತ್ತು ಕಣಿವೆಯು ಆ ಸಂಗಮದ ಕೆಳಗಿದೆ; ಆದ್ದರಿಂದ ಹಾರಂಗಿ ಅಣೆಕಟ್ಟೆಯಿಂದ ನೀರು ಬಿಟ್ಟರೆ, ದುಬಾರೆಯಲ್ಲಿ ಹೊಳೆ ಶಾಂತವಾಗಿದ್ದರೂ ಕಣಿವೆಯಲ್ಲಿ ರಭಸ ಹೆಚ್ಚುತ್ತದೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2859 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಜಲಾಶಯದ ಮಟ್ಟ ಈ ಅಂಕಿಗೆ ಸಮೀಪಿಸಿದ್ದರೆ ಯಾವ ಗಳಿಗೆಯಲ್ಲಾದರೂ ನೀರು ಬಿಡಬಹುದೆಂದು ತಿಳಿಯಬೇಕು. ಹೊರಡುವ ಹಿಂದಿನ ಸಂಜೆ ನೀವು ಉಳಿದುಕೊಂಡಿರುವ ಹೋಂಸ್ಟೇಯವರನ್ನು ಕೇಳಿದರೆ ಹೊಳೆಯ ಸ್ಥಿತಿ ಹೇಗಿದೆ, ದೋಣಿ ನಡೆಯುತ್ತಿದೆಯೇ ಎಂಬುದು ಸಾಮಾನ್ಯವಾಗಿ ತಿಳಿದುಬಿಡುತ್ತದೆ.

ಕಾಲದ ಆಯ್ಕೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಬಾರೆಯಲ್ಲಿ ರಾಫ್ಟಿಂಗ್ ನಡೆಯುವ ಕಾಲವಾದರೂ, ನಡುಗಡ್ಡೆ ಸುತ್ತುವವರಿಗೆ ಅದು ನೆಚ್ಚಿಕೊಳ್ಳುವ ಕಾಲವಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೇ ಹೊಳೆ ನುಗ್ಗಿತ್ತು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನೀರು ಇಳಿದು ಬಂಡೆಗಳೆಲ್ಲ ತೆರೆದುಕೊಂಡಿರುವುದರಿಂದ ನಡುಗಡ್ಡೆ ಯಾವುದು, ದಡ ಯಾವುದು ಎಂಬ ಭೇದವೇ ಮಸುಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ತುಲಾ ಸಂಕ್ರಮಣ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲವೇ ಉತ್ತಮ: ನೀರೂ ಇರುತ್ತದೆ, ಅದರ ಕೆಂಪು ಬಣ್ಣವೂ ಹೋಗಿರುತ್ತದೆ, ದಸರೆಗೆಂದು ಮೈಸೂರಿಗೆ ಹೋಗಿದ್ದ ಆನೆಗಳೂ ದುಬಾರೆಯ ಆನೆ ಶಿಬಿರಕ್ಕೆ ಮರಳಿರುತ್ತವೆ.

ಮಡಿಕೇರಿಯಿಂದ ಬೆಳಿಗ್ಗೆ ಏಳು ಗಂಟೆಗೆ ಮುಂಚೆ ಹೊರಡಬೇಕು. ಸುಂಟಿಕೊಪ್ಪದ ಮೂಲಕ ಕುಶಾಲನಗರದ ಕಡೆಗೆ ಇಳಿದು, ಗುಡ್ಡೆಹೊಸೂರಿನಲ್ಲಿ ಬಲಕ್ಕೆ ತಿರುಗಿ ನಂಜರಾಯಪಟ್ಟಣದ ದಾರಿ ಹಿಡಿದರೆ ದುಬಾರೆ ಸಿಗುತ್ತದೆ. ದುಬಾರೆಯನ್ನು ಮೊದಲಿಗೇ ಇಟ್ಟುಕೊಳ್ಳಲು ಕಾರಣ ಆನೆಗಳು. ಹೊಳೆಯಲ್ಲಿ ಅವುಗಳ ಸ್ನಾನವೂ ರಾಗಿಮುದ್ದೆ, ಬೆಲ್ಲ ತಿನ್ನಿಸುವುದೂ ಬೆಳಗಿನ ಹೊತ್ತಿನಲ್ಲೇ ನಡೆಯುವುದರಿಂದ, ಮಧ್ಯಾಹ್ನ ಬಂದವರಿಗೆ ಖಾಲಿ ಶಿಬಿರವಷ್ಟೇ ಕಾಣುತ್ತದೆ. ಸರಿಯಾಗಿ ಹೇಳುವುದಾದರೆ ಆನೆ ಶಿಬಿರವಿರುವುದು ನಡುಗಡ್ಡೆಯ ಮೇಲಲ್ಲ, ಮೀಸಲು ಅರಣ್ಯಕ್ಕೆ ಸೇರಿದ ಆಚೆ ದಡದಲ್ಲಿ. ಆದರೂ ನೀರು ದಾಟಿಯೇ ಹೋಗಬೇಕಾಗಿರುವುದರಿಂದ ಮತ್ತು ದಾರಿಯಲ್ಲಿ ಮರಗಳು ಬೆಳೆದ ಸಣ್ಣ ನಡುಗಡ್ಡೆಗಳು ಎದುರಾಗುವುದರಿಂದ ದಿನದ ಆರಂಭಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲ.

ದೋಣಿಯಲ್ಲಿ ಲೈಫ್ ಜಾಕೆಟ್ಟನ್ನು ಹೆಸರಿಗೆ ಹೆಗಲ ಮೇಲೆ ಹಾಕಿಕೊಳ್ಳದೆ ಪಟ್ಟಿಗಳನ್ನು ಬಿಗಿದು ಕಟ್ಟಿಕೊಳ್ಳಬೇಕು. ವಾರಾಂತ್ಯದಲ್ಲಿ ಹೋಗುವ ಸಾಲಿನಷ್ಟೇ ಮರಳಿ ಬರುವ ಸಾಲೂ ಉದ್ದವಿರುತ್ತದೆ ಎಂಬುದನ್ನು ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಬೇಸಿಗೆಯಲ್ಲಿ ನೀರು ಕಡಿಮೆಯಿದ್ದಾಗ ಜನರು ಬಂಡೆಗಳ ಮೇಲೆ ನಡೆದೇ ದಾಟುತ್ತಾರೆ. ಹಾಗೆ ದಾಟುವಾಗ ಹಿಡಿತವಿರುವ ಚಪ್ಪಲಿ ಧರಿಸಿ, ಪಾಚಿ ಕಟ್ಟಿದ ಹಸಿರು ಬಂಡೆಯನ್ನು ಬಿಟ್ಟು ಒಣಗಿದ ಬಂಡೆಯ ಮೇಲೆ ಮಾತ್ರ ಕಾಲಿಡಬೇಕು, ಸಿಬ್ಬಂದಿ ತೋರಿಸಿದ ಜಾಡನ್ನು ಬಿಡಬಾರದು. ಫೋನನ್ನು ನೀರು ಹೋಗದ ಚೀಲದಲ್ಲಿಡಿ, ಸ್ವಲ್ಪ ನಗದನ್ನೂ ಜೊತೆಗಿಟ್ಟುಕೊಳ್ಳಿ. ಶಿಬಿರದಲ್ಲಿ ಆನೆಗೆ ಎಷ್ಟು ಹತ್ತಿರ ಹೋಗಬಹುದೆಂಬುದನ್ನು ಮಾವುತರಾಗಲಿ ಅವರ ಸಹಾಯಕರಾದ ಕಾವಾಡಿಗಳಾಗಲಿ ಹೇಳಿದ ಮೇಲೆ ಅದರ ಬಗ್ಗೆ ಚರ್ಚೆಗಿಳಿಯಬಾರದು. ಸೆಲ್ಫಿಗಾಗಿ ಆನೆಯ ಹಿಂದೆ ಹೋಗಿ ನಿಲ್ಲುವವರನ್ನು ಕಂಡಾಗ ಮಾವುತರ ತಾಳ್ಮೆಯೇ ದೊಡ್ಡದೆನಿಸುತ್ತದೆ.

ಹನ್ನೊಂದರ ಹೊತ್ತಿಗೆ ದುಬಾರೆ ಬಿಟ್ಟು ಗುಡ್ಡೆಹೊಸೂರಿಗೆ ಮರಳಿ ಕುಶಾಲನಗರದ ಕಡೆ ಸಾಗಿದರೆ, ಹೆದ್ದಾರಿಯ ಪಕ್ಕದಲ್ಲೇ ನಿಸರ್ಗಧಾಮದ ದ್ವಾರವಿದೆ. ಸುಮಾರು 64 ಎಕರೆಯ ಈ ನಡುಗಡ್ಡೆಗೆ ತೂಗುಸೇತುವೆಯ ಮೇಲೆ ನಡೆದು ಹೋಗಬೇಕು. ಬಿದಿರು ಮೆಳೆಗಳು, ತೇಗ ಮತ್ತು ಗಂಧದ ಮರಗಳು ದಟ್ಟವಾಗಿರುವುದರಿಂದ ನಡು ಮಧ್ಯಾಹ್ನದ ಬಿಸಿಲನ್ನು ಕಳೆಯಲು ಇದನ್ನೇ ಇಟ್ಟುಕೊಳ್ಳುವುದು ಜಾಣತನ. ಸೇತುವೆಯ ಸಮೀಪದಲ್ಲೇ ಜನಜಂಗುಳಿ ಹೆಚ್ಚು. ಜಿಂಕೆಗಳ ಆವರಣವನ್ನು ದಾಟಿ ಒಳಕ್ಕೆ ನಡೆದಷ್ಟೂ ಸದ್ದು ಕಡಿಮೆಯಾಗುತ್ತದೆ. ಇಲ್ಲಿ ನೀರು ಶಾಂತವಾಗಿ ಕಂಡರೂ ಈಜಲು ಇಳಿಯಬೇಡಿ. ಕಾವೇರಿಯ ಈ ಭಾಗದಲ್ಲಿ ಮೊಣಕಾಲು ಆಳದ ಪಕ್ಕದಲ್ಲೇ ಮಡುಗಳಿರುತ್ತವೆ. ದಡದಿಂದ ನೋಡುವವರಿಗೆ ಅವು ಗೊತ್ತಾಗುವುದಿಲ್ಲ. ದ್ವಾರದ ಬಳಿಯ ಅಂಗಡಿಗಳಲ್ಲಿ ಕಾಫಿಪುಡಿ, ಕಾಳುಮೆಣಸು, ಜೇನು ಸಿಗುತ್ತವೆ, ಚೌಕಾಸಿ ಮಾಡಿ ಕೊಳ್ಳಬಹುದು.

ಊಟ ಕುಶಾಲನಗರದಲ್ಲಾಗಲಿ. ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮತ್ತು ಪಂದಿಕರಿ (ಹಂದಿಮಾಂಸದ ಸಾರು) ಅಥವಾ ಅಕ್ಕಿರೊಟ್ಟಿ ಸಿಗುವಲ್ಲಿ ಉಂಡರೆ ಸಾಕು.

ಕಣಿವೆಗೆ ಕೂಡಿಗೆ, ಹೆಬ್ಬಾಲೆಯ ಕಡೆಗೆ ಹೋಗುವ ರಸ್ತೆ ಹಿಡಿಯಬೇಕು. ಕೂಡಿಗೆಯಲ್ಲಿ ಹಾರಂಗಿಯು ಕಾವೇರಿಯನ್ನು ಸೇರುವುದನ್ನು ನೋಡಲು ಸ್ವಲ್ಪ ಹೊತ್ತು ನಿಲ್ಲಬಹುದು. ಹಾರಂಗಿಯ ಕಡೆಯಿಂದ ಎಷ್ಟು ನೀರು ಬರುತ್ತಿದೆಯೆಂಬುದನ್ನು ಇಲ್ಲೇ ಕಣ್ಣಾರೆ ಕಂಡರೆ ಮುಂದೆ ಕಣಿವೆಯಲ್ಲಿ ಬಂಡೆಗಳ ಮೇಲೆ ಇಳಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬಹುದು. ಕಣಿವೆಯಲ್ಲಿ ರಾಮಲಿಂಗೇಶ್ವರ ದೇವಾಲಯವಿದೆ, ಮತ್ತು ಕೊಡಗನ್ನು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಜೋಡಿಸುವ ತೂಗುಸೇತುವೆಯಿದೆ. ನಿಸರ್ಗಧಾಮದ ಸೇತುವೆ ಪ್ರವಾಸಿಗರಿಗಾಗಿ ಇರುವಂಥದ್ದು. ಇದು ಹಳ್ಳಿಯವರು ನಿತ್ಯ ಓಡಾಡುವ ದಾರಿ. ಆದ್ದರಿಂದ ಫೋಟೊಗಾಗಿ ನಡುವೆ ನಿಂತು ದಾರಿ ಕಟ್ಟಬಾರದು, ಬೇಕೆಂದೇ ತೂಗಾಡಿಸಲೂ ಬಾರದು. ಸೇತುವೆಯ ಮೇಲಿಂದ ನೋಡಿದರೆ ಹೊಳೆಯು ಬಂಡೆಗಳ ನಡುವೆ ಹಲವು ಕವಲುಗಳಾಗಿ ಒಡೆದು ಮತ್ತೆ ಕೂಡುವುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ ನೋಡುವುದೇ ಸಾಕೆಂಬುದು ನನ್ನ ಸಲಹೆ.

ಮಡಿಕೇರಿಗೆ ಮರಳುವವರು ಸಂಜೆ ಐದಕ್ಕೆಲ್ಲ ಕಣಿವೆಯನ್ನು ಬಿಡಬೇಕು. ಗುಡ್ಡೆಹೊಸೂರು ದಾಟಿದ ಮೇಲೆ ಹೆದ್ದಾರಿಯು ಆನೆಕಾಡು ಮೀಸಲು ಅರಣ್ಯದ ನಡುವೆ ಹಾದುಹೋಗುತ್ತದೆ. ಕತ್ತಲಾದ ನಂತರ ಅಲ್ಲಿ ಕಾಡಾನೆಗಳು ರಸ್ತೆ ದಾಟುವುದುಂಟು. ಎದುರಿಗೆ ಆನೆ ಕಂಡರೆ ದೂರದಲ್ಲೇ ವಾಹನ ನಿಲ್ಲಿಸಿ, ಹಾರ್ನ್ ಮಾಡದೆ, ಕೆಳಗಿಳಿಯದೆ, ಅದು ದಾಟುವವರೆಗೆ ಕಾಯಬೇಕು. ಒಂದು ದಾಟಿದ ಕೂಡಲೇ ಹೊರಡದಿರಿ, ಹಿಂದೆ ಮರಿಯೋ ಜೊತೆಯ ಆನೆಯೋ ಇರಬಹುದು. ಸುಂಟಿಕೊಪ್ಪದಿಂದ ಮೇಲಕ್ಕೆ ಮಂಜು ಇಳಿದಿದ್ದರೆ ಹೆಡ್‌ಲೈಟನ್ನು ತಗ್ಗಿಸಿ, ರಸ್ತೆಯ ಅಂಚಿನ ಬಿಳಿ ಗೆರೆಯನ್ನು ಹಿಡಿದು ನಿಧಾನವಾಗಿ ಏರಬೇಕು.