ಕಾಲುವೆಯ ಕೊನೆಯ ತೂಬಿನವರೆಗೆ: ನಮ್ಮ ಸಾಕ್ಷ್ಯಚಿತ್ರದ ಸಂಶೋಧನೆ ನಡೆದ ಬಗೆ

ಪತ್ರಿಕೋದ್ಯಮ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿ, 2025ರ ಜನವರಿಯಿಂದ ಏಪ್ರಿಲ್‌ವರೆಗೆ, ನಾನು ಮತ್ತು ನನ್ನ ಇಬ್ಬರು ಸಹಪಾಠಿಗಳು ಸೇರಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಕುರಿತು ಇಪ್ಪತ್ತು ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ಮಾಡಿದೆವು. ಮುನಿರಾಬಾದಿನಲ್ಲಿ ಹೊರಡುವ ಈ ಕಾಲುವೆಯ ಉದ್ದ 227 ಕಿ.ಮೀ.; ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಅದು ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳತ್ತ ಬರುತ್ತದೆ. ನಾನು ಹುಟ್ಟಿ ಬೆಳೆದದ್ದು ಸಿರವಾರ ಕಡೆಯ ಹಳ್ಳಿಯಲ್ಲಿ. ಕೊನೆ ಭಾಗಕ್ಕೆ ನೀರು ಯಾಕೆ ಬರುವುದಿಲ್ಲ ಎಂಬುದು ಮನೆಯ ಜಗಲಿಯ ಮೇಲೆ ಕೇಳಿಯೇ ಬೆಳೆದ ಮಾತಾದ್ದರಿಂದ, ಉತ್ತರ ನನಗೆ ಮೊದಲೇ ಗೊತ್ತಿದೆ ಎಂಬ ನಂಬಿಕೆಯಿಂದಲೇ ಸಂಶೋಧನೆಗೆ ಇಳಿದೆ.

ಆ ನಂಬಿಕೆ ನಮ್ಮ ಪ್ರಶ್ನಾವಳಿಯಲ್ಲಿ ಹಾಗೆಯೇ ಇಳಿದುಬಂದಿತ್ತು. ‘ಮೇಲ್ಭಾಗದವರು ಅಕ್ರಮವಾಗಿ ನೀರು ಎತ್ತುವುದರಿಂದ ನಿಮಗೆ ನಷ್ಟವಾಗಿದೆಯೇ’ ಎಂಬುದು ಅದರ ಏಳನೆಯ ಪ್ರಶ್ನೆ. ನಾವು ಮಾತನಾಡಿಸಿದ ನಲವತ್ತು ಮಂದಿಯೂ ಹೌದು ಎಂದರು. ನೂರಕ್ಕೆ ನೂರು ಎಂಬ ಅಂಕಿಯನ್ನು ಚಿತ್ರದ ಆರಂಭದಲ್ಲೇ ಹಾಕಬೇಕೆಂದು ನಾವು ಉತ್ಸಾಹಗೊಂಡಿದ್ದಾಗ ನಮ್ಮ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: ಇಲ್ಲ ಎಂದು ಹೇಳಲು ನೀವು ಅವರಿಗೆ ದಾರಿ ಬಿಟ್ಟಿದ್ದಿರಾ? ಬಿಟ್ಟಿರಲಿಲ್ಲ. ಕಾರಣವನ್ನೂ ಅಪರಾಧಿಯನ್ನೂ ಪ್ರಶ್ನೆಯೊಳಗೇ ಇಟ್ಟು, ಅವರಿಂದ ಕೇವಲ ಸಹಿ ಪಡೆದಂತಾಗಿತ್ತು. ಇಳುವರಿಯ ಪ್ರಶ್ನೆಯಲ್ಲಿ ಆದ ತಪ್ಪು ಬೇರೆ ಬಗೆಯದು. ನಾವು ಕ್ವಿಂಟಲ್‌ನಲ್ಲಿ ಕೇಳಿದ್ದೆವು. ನಮ್ಮ ಕಡೆ ಭತ್ತವನ್ನು ಎಣಿಸುವುದು 75 ಕೆ.ಜಿ.ಯ ಚೀಲದಲ್ಲಿ. ಕೆಲವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಕ್ವಿಂಟಲ್ ಹೇಳಿದ್ದರು, ಕೆಲವರು ಚೀಲದ ಸಂಖ್ಯೆಯನ್ನೇ ಹೇಳಿದ್ದರು, ಯಾವುದು ಯಾವುದೆಂದು ನಾವು ಬರೆದುಕೊಂಡಿರಲಿಲ್ಲ. ಆ ಕಾಲಂ ಪೂರ್ತಿಯಾಗಿ ಕೈಬಿಡಬೇಕಾಯಿತು.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಆ ನಲವತ್ತು ಮಂದಿ ಯಾರು ಎಂಬುದು. ಬೆಳಗಿನ ಹೊತ್ತು ಊರ ಹೋಟೆಲ್ ಮುಂದೆ, ಸೊಸೈಟಿ ಕಟ್ಟೆಯ ಮೇಲೆ ಸಿಕ್ಕವರನ್ನು ಮಾತನಾಡಿಸಿದ್ದೆವು. ಎಲ್ಲರೂ ಗಂಡಸರು, ಬಹುತೇಕರು ತಮ್ಮದೇ ಹೆಸರಿನಲ್ಲಿ ಜಮೀನು ಉಳ್ಳವರು. ಗುತ್ತಿಗೆಗೆ ಹೊಲ ಮಾಡುವವರು ಮೂವರು ಮಾತ್ರ, ಕೂಲಿಯವರು ಒಬ್ಬರೂ ಇರಲಿಲ್ಲ. ಸುಲಭವಾಗಿ ಸಿಕ್ಕವರನ್ನು ಮಾತ್ರ ಮಾದರಿಯಾಗಿ ಆರಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ಓದಿದ್ದರೂ, ಸ್ವಂತ ಊರಿನಲ್ಲಿ ಅದನ್ನೇ ಮಾಡಿದ್ದೆವು.

ಮರುವಾರ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳ ಗುಂಪಿನೊಂದಿಗೆ ನಾನೊಬ್ಬಳೇ ಅರ್ಧ ದಿನ ಸಾಲು ಹಿಡಿದು ಕೆಲಸ ಮಾಡಿದೆ. ಪ್ರಶ್ನಾವಳಿ ಚೀಲದಲ್ಲೇ ಉಳಿಯಿತು. ‘ನೀರು ನಮ್ಮ ತನಕ ಬರಂಗಿಲ್ಲ ಯವ್ವಾ, ಅದಕ್ಕ ನೀರಿದ್ದಲ್ಲಿಗೆ ನಾವ ನೆಲ್ಲು ಹಚ್ಚಾಕ ಹೋಗ್ತೀವಿ’ ಎಂದು ಹಿರಿಯರೊಬ್ಬರು ಹೇಳಿದರು. ನಾಟಿಯ ದಿನಗಳಲ್ಲಿ ಟೆಂಪೊ ಹತ್ತಿ ಮೇಲ್ಭಾಗದ ಗದ್ದೆಗಳಿಗೆ ಹೋಗುವ ಇವರಿಗೆ, ನಾವು ಅಪರಾಧಿಗಳೆಂದು ಮೊದಲೇ ತೀರ್ಮಾನಿಸಿದ್ದವರೇ ಕೂಲಿ ಕೊಡುವವರು. ಕುಡಿಯುವ ನೀರಿನ ಕೆರೆ ತುಂಬುವುದೂ ಇದೇ ಕಾಲುವೆಯಿಂದ ಎಂಬುದನ್ನು, ಕಾಲುವೆ ಬಂದ್ ಆದ ದಿನಗಳಲ್ಲಿ ಕೊಡ ಹೊತ್ತು ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದನ್ನು ಅವರು ಕೇಳದೆಯೇ ಹೇಳಿದರು. ನಮ್ಮ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಕುಡಿಯುವ ನೀರಿನ ಮಾತು ಒಂದು ಕಡೆಯೂ ಇರಲಿಲ್ಲ. ಚಿತ್ರದ ದಿಕ್ಕು ಬದಲಾದದ್ದು ಆ ಹೊಲದಲ್ಲಿ.

ಕ್ಯಾಮೆರಾದ ವಿಷಯದಲ್ಲೂ ನಿರ್ಧಾರ ಬದಲಿಸಿದೆವು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ ಕೂಡಲೇ ಜನರ ಮಾತು ಮನವಿ ಪತ್ರದ ಧಾಟಿಗೆ ತಿರುಗುತ್ತಿತ್ತು. ಆದ್ದರಿಂದ ಮೊದಲ ಭೇಟಿಯಲ್ಲಿ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಧ್ವನಿ ಮಾತ್ರ ದಾಖಲಿಸಿ, ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ಚಿತ್ರೀಕರಿಸಿದೆವು.

ಸಂದರ್ಶನದಲ್ಲಿ ಕೇಳಿದ್ದನ್ನು ಜಿಲ್ಲಾ ಗ್ರಂಥಾಲಯದ ಹಳೆಯ ಪತ್ರಿಕೆಗಳೊಂದಿಗೆ ತಾಳೆ ನೋಡುವ ಅಭ್ಯಾಸವೂ ಅನಿವಾರ್ಯವಾಗಿ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ, ಹೆಚ್ಚುವರಿ ನೀರನ್ನು ಹೊರಬಿಡುವ 33 ಕ್ರಸ್ಟ್‌ ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋದದ್ದು ನಮ್ಮ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕುಳಿತಿದೆಯೆಂದರೆ, ಬೆಳೆ ಒಣಗಿದ ನೆನಪುಗಳೆಲ್ಲ ‘ಗೇಟ್ ಹೋದ ವರ್ಷ’ಕ್ಕೆ ಸೇರಿಬಿಡುತ್ತವೆ. ವಾರದೊಳಗೆ ತಾತ್ಕಾಲಿಕ ಗೇಟ್ ಅಳವಡಿಸಿದ್ದು, ಮುಂದಿನ ಮಳೆಗೆ ಜಲಾಶಯ ಮತ್ತೆ ತುಂಬಿದ್ದು ದಾಖಲೆಯಲ್ಲಿದೆ. ಅವರು ಹೇಳುತ್ತಿದ್ದ ನಷ್ಟ ಹಿಂದಿನ ವರ್ಷದ, ಅಂದರೆ 2023ರ ಬರಗಾಲದ್ದಾಗಿತ್ತು. ಅವರು ಸುಳ್ಳು ಹೇಳಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ನಷ್ಟ ನಿಜ, ಇಸವಿ ಮಾತ್ರ ಬೇರೆ. ಆದ್ದರಿಂದ ಮಾತನ್ನು ಉಳಿಸಿಕೊಂಡು, ವರ್ಷವನ್ನು ಪರದೆಯ ಮೇಲೆ ಬರಹದಲ್ಲಿ ಕೊಟ್ಟೆವು.

ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸವೆಂದರೆ ವಿತರಣಾ ಕಾಲುವೆಯೊಂದರ ಏರಿಯ ಮೇಲೆ ಮೊದಲ ತೂಬಿನಿಂದ ಕೊನೆಯ ತೂಬಿನವರೆಗೆ ಹನ್ನೊಂದು ದಿನ ನಡೆದದ್ದು. ಇಂಚುಗಳ ಗುರುತು ಹಾಕಿದ ಕೋಲನ್ನು ಪ್ರತಿ ತೂಬಿನ ಬಳಿ ಇಳಿಸಿ, ವೇಳೆ ಮತ್ತು ನೀರಿನ ಮಟ್ಟವನ್ನು ನೋಟ್‌ಬುಕ್ಕಿನಲ್ಲಿ ಬರೆದೆವು. ಕಾಲುವೆಯ ಹರಿವನ್ನು ದಾಖಲಿಸುವ ಅಧಿಕೃತ ಗೇಜ್ ವಹಿಯ ಪ್ರತಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿಯನ್ನೂ ಹಾಕಿದ್ದೆವು, ಆದರೆ ಕಾಯ್ದೆ ಕೊಡುವ 30 ದಿನಗಳ ಕಾಲಾವಕಾಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾರ್ಚ್‌ನಲ್ಲಿ ಅರ್ಜಿ ಕೊಟ್ಟದ್ದು ನಮ್ಮ ತಪ್ಪು. ಉತ್ತರ ಬಂದಾಗ ಸಂಕಲನ ಮುಗಿಯುತ್ತಾ ಬಂದಿತ್ತು. ವಹಿಯಲ್ಲಿದ್ದದ್ದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯಿತು ಎಂಬ ಲೆಕ್ಕ. ನಮ್ಮ ಕೋಲು ಅಳೆದದ್ದು ಆಳವನ್ನು ಮಾತ್ರ. ಕಾಲುವೆಯ ಅಗಲವನ್ನಾಗಲಿ ಹರಿವಿನ ವೇಗವನ್ನಾಗಲಿ ನಾವು ಅಳೆದಿರಲಿಲ್ಲವಾದ್ದರಿಂದ ಎರಡನ್ನೂ ಹೋಲಿಸುವ ಹಾಗಿರಲಿಲ್ಲ. ಮಟ್ಟ ಕೆಳಕ್ಕೆ ಹೋದಂತೆ ಇಳಿಯಿತು ಎನ್ನಬಹುದಿತ್ತೇ ಹೊರತು, ಎಷ್ಟು ನೀರು ಕಡಿಮೆಯಾಯಿತು ಎನ್ನುವಂತಿರಲಿಲ್ಲ. ಸಲ್ಲಿಕೆಯ ಹಿಂದಿನ ರಾತ್ರಿ ಕುಳಿತು, ಹದಿನಾಲ್ಕನೆಯ ನಿಮಿಷದಲ್ಲಿ ಬರುವ ರೇಖಾಚಿತ್ರದ ತಲೆಬರಹದಲ್ಲಿದ್ದ ‘ನೀರಿನ ಪ್ರಮಾಣ’ವನ್ನು ಅಳಿಸಿ ‘ನೀರಿನ ಆಳ’ ಎಂದು ತಿದ್ದಿದೆವು.